ಅಪದೇಶ ಮತ್ತು ಸಮನ್ವಯ: ಪ್ರಬಂಧರಚನೆಯಲ್ಲಿ ಆಕರನಿರ್ದೇಶದ ಸ್ಥಾನ

ಹಲವು ಗ್ರಂಥಗಳನ್ನು ಓದಿ, ಅವುಗಳಲ್ಲಿನ ಅಭಿಪ್ರಾಯಗಳನ್ನು ತೂಗಿ ನೋಡಿ, ಒಂದು ನಿರ್ಣಯವನ್ನು ಸ್ಥಾಪಿಸತಕ್ಕ ಪ್ರಬಂಧವು ಕಾಲೇಜಿನ ವಿದ್ಯಾರ್ಥಿಗಳಿಗೆ ವಿಧಿಸುವ ಬರೆವಣಿಗೆಗಳಲ್ಲೆಲ್ಲ ಕಠಿನವಾದುದು. ಇದನ್ನು ಸಮನ್ವಯಪ್ರಬಂಧವೆಂದು ಕರೆಯಬಹುದು. ಇದರಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯಬೇಕಾಗಿವೆ. ಯಾವ ಮಾತು ಯಾರಿಂದ ಬಂದಿತೆಂಬುದನ್ನು ತಿಳಿಸುವುದು ಒಂದು. ಬಂದ ಮಾತುಗಳನ್ನು ಒಂದರೊಡನೊಂದು ಹೊಂದಿಸಿ ಅವುಗಳ ಬಲಾಬಲವನ್ನು ಗೊತ್ತುಮಾಡುವುದು ಇನ್ನೊಂದು. ಎರಡನೆಯದನ್ನು ಬುದ್ಧಿಯ ಕೆಲಸವೆಂದು ಎಲ್ಲರೂ ಒಪ್ಪುವರು. ಮೊದಲನೆಯದನ್ನು ಮಾತ್ರ ಇಂಗ್ಲಿಷ್ ವಿಶ್ವವಿದ್ಯಾನಿಲಯಗಳ ಜತೆಯಲ್ಲಿ ಈ ದೇಶಕ್ಕೆ ಬಂದ ಒಂದು ಶಿಷ್ಟಾಚಾರವೆಂದು ಭಾವಿಸುವ ಅಧ್ಯಾಪಕರು ಅನೇಕರಿದ್ದಾರೆ. ಅವರ ಶಿಷ್ಯರು ಅದನ್ನು ಪುಟದ ಕೆಳಗೆ ಕೊಟ್ಟು ಮುಗಿಸುವ ಸುಂಕವೆಂದು ತಿಳಿಯುವುದರಲ್ಲಿ ಆಶ್ಚರ್ಯವಿಲ್ಲ. ಈ ಭಾವನೆಯು ಸರಿಯಲ್ಲವೆಂದೂ, ಆಕರವನ್ನು ಹೆಸರಿಸುವುದು ವಾದದ ಅಂಗಗಳಲ್ಲಿಯೇ ಒಂದೆಂದೂ, ಅದು ಲೋಪವಾದಲ್ಲಿ ಗ್ರಂಥಕ್ಕೂ ಗ್ರಂಥಪರಂಪರೆಗೂ ಉಂಟಾಗುವ ಹಾನಿ ಎಷ್ಟೆಂದೂ ಇಲ್ಲಿ ಕೆಲವು ನಿದರ್ಶನಗಳಿಂದ ವಿವರಿಸಲಾಗುವುದು.

ಶಾಸ್ತ್ರಗ್ರಂಥವನ್ನು ರಚಿಸುವ ಕ್ರಮಕ್ಕೆ ನಮ್ಮ ಪೂರ್ವಿಕರು ತಂತ್ರಯುಕ್ತಿಗಳೆಂಬ ಲಕ್ಷಣಗಳನ್ನು ಹೇಳಿದ್ದಾರೆ. ಸುಶ್ರುತಸಂಹಿತೆಯಲ್ಲಿ ಇವು 32, ಚರಕಸಂಹಿತೆಯಲ್ಲಿ 36. ಕೌಟಿಲ್ಯನ ಅರ್ಥಶಾಸ್ತ್ರದ ಹದಿನೈದನೆಯದಾದ ಕೊನೆಯ ಅಧಿಕರಣವು ಸಂಪೂರ್ಣವಾಗಿ ಇವುಗಳಿಗೇ ಮೀಸಲಾಗಿದೆ. ಅಲ್ಲಿಯೂ ಸಂಖ್ಯೆ 32. ಈ ಅರ್ಥಶಾಸ್ತ್ರವನ್ನು ಲೋಕಕ್ಕೆ ಮರಳಿ ತಂದುಕೊಟ್ಟುದು ಕರ್ಣಾಟಕವೆಂಬುದನ್ನು ಸಾಹಿತ್ಯದ ಅಧ್ಯಾಪಕರಿಗೆ ನೆನಪುಮಾಡಬೇಕಾದುದಿಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ 1905ರಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಗೆ ಅದರ ಓಲೆಯ ಪ್ರತಿಯು ಬಂದಿತು. 1909ರಲ್ಲಿ ಮೂಲವು ಅಚ್ಚಾಯಿತು. ರಾಜನೀತಿಗಾಗಿ ಅದನ್ನು ಓದಿದವರು ಅಸಂಖ್ಯಾತರು. ಪ್ರಬಂಧವನ್ನು ಕಲಿಸುವವರು ಅದರ ಕೊನೆಯ ಅಧಿಕರಣವನ್ನು ಓದಿದ್ದರೆ ಎಷ್ಟೋ ಶ್ರಮವು ಉಳಿಯುತ್ತಿದ್ದಿತು.

ಆ 32ರಲ್ಲಿ ಅಪದೇಶವೆಂಬುದೊಂದು. ಇಂಥವನು ಹೀಗೆ ಹೇಳುವನು ಎಂದು ಪರಮತವನ್ನು ಹೆಸರಿನೊಡನೆ ಎತ್ತಿಹೇಳುವುದೇ ಅದರ ಲಕ್ಷಣ. ಕೌಟಿಲ್ಯನು ಇದಕ್ಕೆ ತನ್ನ ಗ್ರಂಥದ ಮೊದಲನೆಯ ಅಧಿಕರಣದಿಂದಲೇ ಉದಾಹರಣೆಯನ್ನು ಕೊಡುತ್ತಾನೆ. ಮಂತ್ರಿಪರಿಷತ್ತಿನಲ್ಲಿ ಅಮಾತ್ಯರು ಎಷ್ಟು ಮಂದಿ ಇರಬೇಕೆಂಬುದು ಅಲ್ಲಿನ ಪ್ರಶ್ನೆ. ಮಾನವರು ಹನ್ನೆರಡೆನ್ನುವರು, ಬಾರ್ಹಸ್ಪತ್ಯರು ಹದಿನಾರೆನ್ನುವರು, ಔಶನಸರು ಇಪ್ಪತ್ತೆನ್ನುವರು. ಕಾರ್ಯಸಾಮರ್ಥ್ಯವಿದ್ದಷ್ಟು ಎಂಬುದು ಕೌಟಿಲ್ಯನ ಮತ. ಈ ಸ್ವಲ್ಪ ಮಾತಿನಲ್ಲಿ ಸಮನ್ವಯಪ್ರಬಂಧದ ಪೂರ್ಣಸ್ವರೂಪವು ಅಡಗಿದೆ. ಮೂವರ ಮತಗಳು ಮೂರು ಹೆಸರುಗಳೊಡನೆ ಬೇರೆಬೇರೆಯಾಗಿ ನಿಂತಿವೆ. ನಾಲ್ಕನೆಯದು ಅವುಗಳ ಸರಾಸರಿಯಲ್ಲ, ಅವುಗಳಲ್ಲೊಂದರ ಪುನರುಕ್ತಿಯೂ ಅಲ್ಲ. ಮೂವರೂ ಸಂಖ್ಯೆಯನ್ನು ಹುಡುಕುತ್ತಿದ್ದರು. ಸಂಖ್ಯೆಯನ್ನು ಹುಡುಕುವುದೇ ತಪ್ಪೆಂದು ನಾಲ್ಕನೆಯವನು ಪ್ರಶ್ನೆಯನ್ನೇ ತಿದ್ದಿದನು. ಮೊದಲಿನ ಮೂವರ ಹೆಸರುಗಳನ್ನು ತೆಗೆದು ‘ಕೆಲವರು ಹನ್ನೆರಡೆಂದೂ ಕೆಲವರು ಇಪ್ಪತ್ತೆಂದೂ ಹೇಳುವರು’ ಎಂದು ಬರೆದಿದ್ದರೆ, ಇವು ಮೂರು ಸಂಪ್ರದಾಯಗಳ ಸಿದ್ಧಾಂತಗಳೆಂಬುದು ಓದುವವನಿಗೆ ತಿಳಿಯುತ್ತಿರಲಿಲ್ಲ. ಕೌಟಿಲ್ಯನ ತಿದ್ದುಪಡಿಯ ತೂಕವೂ ತಿಳಿಯುತ್ತಿರಲಿಲ್ಲ.

ಇನ್ನೊಂದು ಸಂಗತಿಯೂ ಉಂಟು. ಪೂರ್ವಾಚಾರ್ಯರ ಅರ್ಥಶಾಸ್ತ್ರಗಳನ್ನು ಕಲೆಹಾಕಿ ಈ ಗ್ರಂಥವನ್ನು ಮಾಡಿದುದಾಗಿ ಕೌಟಿಲ್ಯನು ಆರಂಭದಲ್ಲಿಯೇ ತಿಳಿಸಿದ್ದಾನೆ. ವಿಶಾಲಾಕ್ಷ, ಪಿಶುನ, ಕೌಣಪದಂತ, ವಾತವ್ಯಾಧಿ ಮೊದಲಾದ ಆ ಆಚಾರ್ಯರ ಗ್ರಂಥಗಳು ಇಂದು ದೊರೆಯುವುದಿಲ್ಲ. ಅವರು ಏನನ್ನು ಹೇಳಿದರೆಂಬುದರಲ್ಲಿ ಬಹುಭಾಗವು ತಿಳಿಯುವುದು ಅವರನ್ನು ಖಂಡಿಸಿದವನ ಪುಸ್ತಕದಿಂದ. ಖಂಡಿಸುವವನು ಹೆಸರು ಹೇಳಿ ಖಂಡಿಸಿದನು. ಅದರಿಂದ ಅವರು ಉಳಿದರು.

ಇದಕ್ಕೆ ಪ್ರತಿಯಾದ ನಿದರ್ಶನವು ಕನ್ನಡದಲ್ಲಿಯೇ ಇದೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರನ ಆಶ್ರಯದಲ್ಲಿದ್ದ ಮಲ್ಲಿಕಾರ್ಜುನನು ಸೂಕ್ತಿಸುಧಾರ್ಣವವೆಂಬ ಸಂಕಲನಗ್ರಂಥವನ್ನು ರಚಿಸಿದನು. ಕಡಲು, ಮಲೆ, ಪಟ್ಟಣ, ಋತು, ಚಂದ್ರೋದಯ ಮುಂತಾದ ವರ್ಣನೆಗಳ ವಿಭಾಗಗಳನ್ನು ಮಾಡಿ, ಅದಕ್ಕೆ ಹಿಂದಿನ ಕಾವ್ಯಗಳಿಂದ ಪದ್ಯಗಳನ್ನು ಆರಿಸಿ ತುಂಬಿದನು. ರುಚಿಯಲ್ಲಿ ಅವನಿಗೆ ಕೊರತೆಯಿಲ್ಲ. ಆದರೆ ಯಾವ ಪದ್ಯವು ಯಾವ ಕವಿಯದು, ಯಾವ ಕಾವ್ಯದ್ದು ಎಂಬುದನ್ನು ಅವನು ಗುರುತಿಸಿ ಇಡಲಿಲ್ಲ. ರಾಜಸಭೆಯಲ್ಲಿ ಕುಳಿತು ಕೇಳುವವರಿಗೆ ಪಂಪ ರನ್ನರ ಪದ್ಯಗಳು ಕಿವಿಗೆ ಬಿದ್ದೊಡನೆ ಗುರುತಾಗುತ್ತಿದ್ದುವು. ಅವರಿಗೆ ಹೆಸರು ಬೇಕಿರಲಿಲ್ಲ. ಕಾಲವು ಕಳೆದು ಮೂಲಕಾವ್ಯಗಳಲ್ಲಿ ಹಲವು ನಾಶವಾದ ಮೇಲೆ ಅದೇ ಪದ್ಯಗಳು ತಂದೆತಾಯಿಗಳನ್ನರಿಯದ ಮಕ್ಕಳಾದುವು. ಮೊದಲನೆಯ ಗುಣವರ್ಮನ ಶೂದ್ರಕ, ಹರಿವಂಶಗಳು ಇಂದು ಕಾವ್ಯಗಳಾಗಿ ಉಪಲಬ್ಧವಿಲ್ಲ. ಅವುಗಳಿಗೆ ಸೇರಿದ ಪದ್ಯಗಳನ್ನು ಸಂಕಲನಗಳಿಂದಲೂ ವ್ಯಾಕರಣಾಲಂಕಾರಗ್ರಂಥಗಳ ಉದಾಹರಣೆಗಳಿಂದಲೂ ಆರಿಸಿ ತೆಗೆಯುವ ಕೆಲಸದಲ್ಲಿ ವಿದ್ವಾಂಸರು ವರ್ಷಗಳನ್ನೇ ಕಳೆದಿದ್ದಾರೆ. ಒಂದೊಂದು ಪದ್ಯದ ತಲೆಯ ಮೇಲೆ ಒಂದೊಂದು ಹೆಸರನ್ನು ಬರೆದಿದ್ದರೆ ಈ ಶ್ರಮವಿರುತ್ತಿರಲಿಲ್ಲ. ಅದೇ ಕಾಲದ ಆಸುಪಾಸಿನಲ್ಲಿ ಬಂಗಾಳದಲ್ಲಿ ಶ್ರೀಧರದಾಸನು 1205ರಲ್ಲಿ ಮುಗಿಸಿದ ಸದುಕ್ತಿಕರ್ಣಾಮೃತವೆಂಬ ಸಂಸ್ಕೃತ ಸಂಕಲನದಲ್ಲಿ ಪದ್ಯಗಳೊಡನೆ ಕವಿನಾಮಗಳಿವೆ. ಬೇರೆಲ್ಲಿಯೂ ಕೇಳದ ಕವಿಗಳ ಹೆಸರುಗಳು ಅದರಿಂದ ಉಳಿದುಬಂದಿವೆ.

ಮಲ್ಲಿಕಾರ್ಜುನನ ಮಗನಾದ ಕೇಶಿರಾಜನು ಈ ವಿಷಯದಲ್ಲಿ ತಂದೆಗಿಂತ ಒಂದು ಹೆಜ್ಜೆ ಮುಂದೆ ಇಟ್ಟನೆನ್ನಬೇಕು. ಸುಮಾರು 1260ರ ಶಬ್ದಮಣಿದರ್ಪಣದ ಆದಿಯಲ್ಲಿ ಅವನು ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ ಎಂಬ ಕವಿಗಳ ಮಾರ್ಗವೇ ತನ್ನ ವ್ಯಾಕರಣಕ್ಕೆ ಲಕ್ಷ್ಯವೆಂದು ಹೆಸರು ಹೆಸರಾಗಿ ತಿಳಿಸಿದನು. ಒಂದೊಂದು ಉದಾಹರಣೆಯ ಮುಂದೆ ಹೆಸರಿಲ್ಲದಿದ್ದರೂ, ಆ ಕವಿಗಳು ಕೇಶಿರಾಜನಿಗಿಂತ ಮುಂಚಿನವರೆಂಬುದಾದರೂ ಇದರಿಂದ ನಿಶ್ಚಿತವಾಯಿತು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳು (1907, 1919, 1929) ಕವಿಕಾಲನಿರ್ಣಯಕ್ಕೆ ಬಹುವಾಗಿ ಆಶ್ರಯಿಸಿರುವುದು ಇಂಥ ಹೆಸರುಗಳನ್ನೇ. ಯಾವ ಕವಿಯು ಯಾರನ್ನು ಸ್ಮರಿಸಿದನು, ಯಾರಿಂದ ಸ್ಮರಿಸಲ್ಪಟ್ಟನು ಎಂಬ ಎರಡು ಮೇರೆಗಳ ನಡುವೆ ಅವನ ಕಾಲವು ಸಿಕ್ಕುವುದು. ಪೂರ್ವಕವಿಸ್ತುತಿಯು ಕಾವ್ಯಾರಂಭದ ಒಂದು ಮರ್ಯಾದೆಯೆಂದು ಕವಿಗಳು ಎಣಿಸಿದ್ದಿರಬಹುದು. ಚರಿತ್ರಕಾರನಿಗೆ ಅದೇ ಪ್ರಮಾಣವಾಯಿತು.

ಹಾಗಾದರೆ ನಮ್ಮ ಹಳೆಯ ವ್ಯಾಖ್ಯಾನಕಾರರು ಪುಟ, ಪಂಕ್ತಿಗಳನ್ನು ಹೇಳದೆ ‘ಇತಿ ಭಾಷ್ಯೇ’, ‘ತದುಕ್ತಂ’ ಎಂದಷ್ಟೇ ಬರೆದು ಮುಂದೆ ಹೋದುದೇಕೆ ಎಂಬ ಶಂಕೆಯು ಬರಬಹುದು. ಪಾಠಶಾಲೆಯ ಪದ್ಧತಿಯನ್ನು ಬಲ್ಲವರಿಗೆ ಇದರ ಉತ್ತರವು ಸುಲಭ. ಅಲ್ಲಿ ಗುರುವಿಗೂ ಶಿಷ್ಯನಿಗೂ ಪ್ರತಿವಾದಿಗೂ ಮೂಲವು ಕಂಠಸ್ಥವಾಗಿದ್ದಿತು. ಪ್ರತೀಕವಾಗಿ ಮೊದಲನೆಯ ಎರಡು ಶಬ್ದಗಳನ್ನು ಉಚ್ಚರಿಸಿದರೆ ಉಳಿದುದು ಕೇಳುವವನ ಮನಸ್ಸಿನಲ್ಲಿ ತಾನಾಗಿ ಬಿಚ್ಚಿಕೊಳ್ಳುವುದು. ಎಲ್ಲರಿಗೂ ಸಮಾನವಾದ ಸ್ಮೃತಿಯೇ ಅವರ ಪುಟಸಂಖ್ಯೆ. ಮೂಲವಿಲ್ಲದ ಮಾತನ್ನು ಬರೆಯುವುದಿಲ್ಲವೆಂಬ ಮಲ್ಲಿನಾಥನ ವ್ರತವು ಪ್ರಸಿದ್ಧವಾದುದು. ಅವನು ಕೋಶಗಳನ್ನೂ ಸೂತ್ರಗಳನ್ನೂ ಹೆಜ್ಜೆಹೆಜ್ಜೆಗೆ ಹೆಸರಿಸುವನು. ಇಂದಿನ ಕಾಲೇಜಿನಲ್ಲಿ ಈ ಸಮಾನಸ್ಮೃತಿಯು ಇಲ್ಲ. ಪಕ್ಕದ ಬೆಂಚಿನವನು ಓದಿದ ಪುಸ್ತಕವನ್ನು ಇವನು ಓದಿರುವುದಿಲ್ಲ. ಇವನು ಓದಿದ ಮುದ್ರಣವು ಅಧ್ಯಾಪಕರ ಬಳಿ ಇರುವುದಿಲ್ಲ. ಆದುದರಿಂದ ಗ್ರಂಥ, ಸಂಪಾದಕ, ಮುದ್ರಣದ ವರ್ಷ, ಪುಟ ಎಂಬ ನಾಲ್ಕನ್ನೂ ಹೇಳಬೇಕಾಗಿದೆ. ಪದ್ಧತಿಯು ಹೊಸದು, ಧರ್ಮವು ಹಳೆಯದು.

‘ಕೇಚಿತ್’, ‘ಅನ್ಯೇ’ ಎಂದು ಹೆಸರಿಲ್ಲದೆ ಪರಮತವನ್ನು ಎತ್ತುವ ಅಭ್ಯಾಸವು ಸಂಸ್ಕೃತದಲ್ಲಿಯೂ ಇಲ್ಲದಿಲ್ಲ. ಆದರೆ ಆ ‘ಕೆಲವರು’ ಯಾರೆಂಬುದನ್ನು ಹುಡುಕಿಹೇಳುವುದು ಟೀಕಾಕಾರರ ಕರ್ತವ್ಯಗಳಲ್ಲೊಂದಾಗಿ ಪರಿಣಮಿಸಿತು. ‘ಅನೇಕ ವಿದ್ವಾಂಸರ ಅಭಿಪ್ರಾಯದಲ್ಲಿ’ ಎಂದು ಬರೆಯುವ ವಿದ್ಯಾರ್ಥಿಗೆ ಅಂಥ ಟೀಕಾಕಾರನು ಮುಂದೆ ದೊರೆಯುವನೆಂಬ ಭರವಸೆಯಿಲ್ಲ.

ಕೃತಿಚೌರ್ಯದ ವಿಚಾರವು ಇಲ್ಲಿ ಪ್ರಸಕ್ತವಾಗುತ್ತದೆ. ಇದನ್ನು ಹತ್ತನೆಯ ಶತಮಾನದ ರಾಜಶೇಖರನಷ್ಟು ಕೂಲಂಕಷವಾಗಿ ವಿಂಗಡಿಸಿದವರು ವಿರಳ. ಅವನ ಕಾವ್ಯಮೀಮಾಂಸೆಯು 1916ರಲ್ಲಿ ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಪ್ರಕಟವಾಯಿತು. ಶಬ್ದಹರಣ, ಅರ್ಥಹರಣಗಳೆಂದು ಅಪಹಾರವನ್ನು ಎರಡಾಗಿ ಒಡೆದು, ಅರ್ಥಹರಣದಲ್ಲಿ ಪ್ರತಿಬಿಂಬಕಲ್ಪ, ಆಲೇಖ್ಯಪ್ರಖ್ಯ, ತುಲ್ಯದೇಹಿತುಲ್ಯ, ಪರಪುರಪ್ರವೇಶಸದೃಶ ಎಂಬ ಭೇದಗಳನ್ನು ಅವನು ತೋರಿಸುತ್ತಾನೆ. ಅರ್ಥವೆಲ್ಲವೂ ಪರರದಾಗಿ ಮಾತಿನ ಜೋಡಣೆ ಮಾತ್ರ ಬೇರೆಯಾದುದು ಕನ್ನಡಿಯೊಳಗಿನ ಬಿಂಬದಂತೆ. ಸ್ವಲ್ಪ ಸಂಸ್ಕಾರದಿಂದ ಬೇರೆಯೆಂಬಂತೆ ತೋರುವುದು ಚಿತ್ರಪಟದಂತೆ. ವಸ್ತುವು ಬೇರೆಯಾಗಿದ್ದರೂ ಅತಿಸಾದೃಶ್ಯದಿಂದ ಒಂದೇ ಎನಿಸುವುದು ಇಬ್ಬರು ಮನುಷ್ಯರ ಹೋಲಿಕೆಯಂತೆ. ಮೂಲವು ಒಂದೇ ಆಗಿ ಅಲಂಕರಣವು ಪೂರ್ತಿಯಾಗಿ ಬೇರೆಯಾದುದು ಪರಕಾಯಪ್ರವೇಶದಂತೆ. ಇವುಗಳಲ್ಲಿ ಮೊದಲಿನ ಮೂರನ್ನು ರಾಜಶೇಖರನಿಗಿಂತ ಹಿಂದೆಯೇ ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಉದ್ಯೋತದಲ್ಲಿ ಹೇಳಿ, ಎರಡನ್ನು ಬಿಡಬೇಕೆಂದೂ ಮೂರನೆಯದನ್ನು ಬಿಡಬೇಕಾದುದಿಲ್ಲವೆಂದೂ ತೀರ್ಮಾನಿಸಿದ್ದನು. ಅಪಹಾರಕ್ಕೆ ಯಾವ ನೆಪಗಳು ಒದಗಬಹುದೆಂಬಲ್ಲಿ ರಾಜಶೇಖರನು ತನ್ನ ಪತ್ನಿ ಅವಂತಿಸುಂದರಿಯ ಮತವನ್ನು ಅವಳ ಹೆಸರಿನಿಂದಲೇ ಕೊಟ್ಟಿರುವನು. ಕಳವಿನ ಪ್ರಕರಣದಲ್ಲಿಯೂ ಅವನು ಅಪದೇಶವನ್ನು ಬಿಡಲಿಲ್ಲ.

ವಿದ್ಯಾರ್ಥಿಗಳ ಬರೆವಣಿಗೆಯಲ್ಲಿ ಹೆಚ್ಚಾಗಿ ಕಂಡುಬರುವುದು ಈ ನಾಲ್ಕರಲ್ಲಿ ಮೊದಲಿನ ಎರಡು. ಒಂದು ಪುಸ್ತಕದ ಪುಟವನ್ನು ಎದುರಿಗಿಟ್ಟುಕೊಂಡು ಶಬ್ದಗಳನ್ನು ಪರ್ಯಾಯಪದಗಳಿಂದ ಬದಲಾಯಿಸುವುದನ್ನು ಅವರು ‘ಸ್ವಂತ ವಾಕ್ಯದಲ್ಲಿ ಬರೆಯುವುದು’ ಎಂದು ತಿಳಿದಿದ್ದಾರೆ. ಅದು ಪ್ರತಿಬಿಂಬಕಲ್ಪವೇ. ಆದರೆ ಇಲ್ಲಿ ಒಂದು ಎಚ್ಚರಿಕೆಯು ಅಗತ್ಯ. ಕಾವ್ಯದ ನ್ಯಾಯವನ್ನು ಪ್ರಬಂಧಕ್ಕೆ ಹಾಗೆಯೇ ಹಚ್ಚಬಾರದು. ಎರವಾಗಿ ತಂದ ಅರ್ಥವು ಹೊಸದಾಗಿ ಹೊಳೆಯಿತೇ ಎಂಬುದು ಕಾವ್ಯದಲ್ಲಿ ಕೇಳುವ ಪ್ರಶ್ನೆ. ಹೊಳೆದರೆ ಋಣವು ತೀರಿತು. ಶಾಸ್ತ್ರದಲ್ಲಿ ಎಷ್ಟು ಹೊಳೆದರೂ ಋಣವು ತೀರುವುದಿಲ್ಲ, ಏಕೆಂದರೆ ಅಲ್ಲಿ ಓದುವವನು ಮಾತಿನ ಚೆಲುವನ್ನು ಸವಿಯುವುದಕ್ಕೆ ಬಂದವನಲ್ಲ. ಮಾತು ನಿಜವೇ ಎಂದು ಪರೀಕ್ಷಿಸಲು ಬಂದವನು. ಪರೀಕ್ಷೆಗೆ ಮೂಲದ ದಾರಿ ಬೇಕು. ಅರಿಸ್ಟಾಟಲನು ಗ್ರೀಕ್ ಭಾಷೆಯಲ್ಲಿ ಕಾವ್ಯಕ್ಕೊಂದು, ವಾದಮಾಡುವ ವಾಗ್ವಿದ್ಯೆಗೊಂದು ಹೀಗೆ ಎರಡು ಬೇರೆ ಗ್ರಂಥಗಳನ್ನು ರಚಿಸಿದುದು ಈ ಭೇದವನ್ನು ಅರಿತೇ. ನಮ್ಮ ಕಾಲೇಜುಗಳಲ್ಲಿ ಪ್ರಬಂಧವನ್ನು ಅಲಂಕಾರಶಾಸ್ತ್ರದ ಕಡೆಯಿಂದ ಕಲಿಸುವುದು ರೂಢಿಯಾಗಿದೆ: ಆಕರ್ಷಕವಾದ ಪೀಠಿಕೆ, ನಡುವೆ ಸುಭಾಷಿತ, ಮುಕ್ತಾಯಕ್ಕೆ ಗಾದೆ. ಕಲಿಸಬೇಕಾದುದು ತಂತ್ರಯುಕ್ತಿಯ ಕಡೆಯಿಂದ.

ಸಮನ್ವಯವೆಂಬ ಶಬ್ದಕ್ಕೂ ಇಲ್ಲಿ ಒಂದು ವಿವರಣೆ ಬೇಕು. ಬ್ರಹ್ಮಸೂತ್ರಗಳ ಮೊದಲನೆಯ ಅಧ್ಯಾಯಕ್ಕೆ ಸಮನ್ವಯವೆಂದೂ ಎರಡನೆಯದಕ್ಕೆ ಅವಿರೋಧವೆಂದೂ ಹೆಸರು. ಬೇರೆಬೇರೆ ಕಡೆಯ ವಾಕ್ಯಗಳು ಯಾವ ಅರ್ಥದಲ್ಲಿ ಬಂದು ಸೇರುತ್ತವೆಂಬುದನ್ನು ಮೊದಲು ತೋರಿಸಿ, ಅನಂತರ ವಿರೋಧಗಳನ್ನು ಪರಿಹರಿಸುವುದು ಆ ಕ್ರಮ. ಹತ್ತು ಪುಸ್ತಕಗಳ ಸಾರಾಂಶವನ್ನು ಹತ್ತು ಖಂಡಗಳಲ್ಲಿ ಒಂದರ ಕೆಳಗೊಂದಾಗಿ ಬರೆದರೆ ಅದು ಸಂಗ್ರಹ, ಸಮನ್ವಯವಲ್ಲ. ಕೌಟಿಲ್ಯನ ಪಟ್ಟಿಯಲ್ಲಿಯೇ ಸಮುಚ್ಚಯ, ವಿಕಲ್ಪ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ ಎಂಬ ಯುಕ್ತಿಗಳಿವೆ. ಇದೂ ಅದೂ ಸೇರಿ ಸಾಧಿಸುವುದು ಸಮುಚ್ಚಯ. ಇದೋ ಅದೋ ಎಂಬುದು ವಿಕಲ್ಪ. ಎರಡು ಕಡೆಗೂ ಸಮಾನವಾದ ಹೇತುವಿರುವುದು ಸಂಶಯ. ಎರಡು ಆಕರಗಳನ್ನು ಒಂದೆಡೆ ತಂದಾಗ ಅವುಗಳ ಸಂಬಂಧವು ಇವುಗಳಲ್ಲಿ ಯಾವುದು ಎಂದು ಕೇಳಿಕೊಂಡರೆ ವಾಕ್ಯವು ತಾನಾಗಿ ರೂಪುಗೊಳ್ಳುವುದು.

ಪರಮತವನ್ನು ಎತ್ತಿ ನಿಷೇಧಿಸದೆ ಬಿಟ್ಟರೆ ಅದು ಒಪ್ಪಿದಂತೆಯೇ ಆಗುವುದೆಂಬ ಅನುಮತವೆಂಬ ಯುಕ್ತಿಯೂ ಆ ಪಟ್ಟಿಯಲ್ಲಿದೆ. ಈ ಶಬ್ದವು ಕನ್ನಡದ ಒಂದು ದೊಡ್ಡ ವಿವಾದಕ್ಕೆ ಕಾರಣವಾಯಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ನೃಪತುಂಗದೇವಾನುಮತವೆಂದು ತನ್ನನ್ನು ಹೇಳಿಕೊಳ್ಳುತ್ತದೆ. ಕೆ. ಬಿ. ಪಾಠಕರು 1898ರಲ್ಲಿ ಅದನ್ನು ಪ್ರಕಟಿಸಿದಾಗ ನೃಪತುಂಗನ ಕೃತಿಯೆಂದೇ ಪ್ರಕಟಿಸಿದರು. ಆದರೆ ಅನುಮತವೆಂದರೆ ಒಪ್ಪಲ್ಪಟ್ಟುದು. ಒಪ್ಪಿದವನು ಬರೆದವನೇ ಆಗಬೇಕಾದುದಿಲ್ಲ. ಹನ್ನೊಂದನೆಯ ಶತಮಾನದ ದುರ್ಗಸಿಂಹನು ತನ್ನ ಪಂಚತಂತ್ರದಲ್ಲಿ ಶ್ರೀವಿಜಯನ ಕವಿಮಾರ್ಗವನ್ನು ಸ್ಮರಿಸಿರುವನು. ಈ ಎರಡನ್ನು ಸಮುಚ್ಚಯಮಾಡಿದರೆ, ಆಸ್ಥಾನಕವಿಯಾದ ಶ್ರೀವಿಜಯನು ರಚಿಸಿದನು, ದೊರೆಯು ಒಪ್ಪಿದನು ಎಂಬ ನಿರ್ಣಯವು ದೊರೆಯುವುದು. ಇಂದು ವಿದ್ವಾಂಸರಲ್ಲಿ ಹೆಚ್ಚು ಮಂದಿ ಒಪ್ಪುವುದು ಇದನ್ನೇ. ಆದರೂ ಅದೇ ಕವಿರಾಜಮಾರ್ಗದಲ್ಲಿ ಹಿಂದಿನ ಪದ್ಯಕವಿಗಳನ್ನು ಹೆಸರಿಸುವಾಗ ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲರೊಡನೆ ಶ್ರೀವಿಜಯನ ಹೆಸರೂ ಬಂದಿದೆ. ಗ್ರಂಥಕರ್ತನು ತನ್ನನ್ನೇ ಹಿಂದಿನವರ ಸಾಲಿನಲ್ಲಿ ಸೇರಿಸಿಕೊಳ್ಳುವನೇ ಎಂಬ ಪೂರ್ವಪಕ್ಷವು ಇಲ್ಲಿ ಏಳುತ್ತದೆ. ಈ ಪೂರ್ವಪಕ್ಷವನ್ನು ಹೇಳದೆ ನಿರ್ಣಯವನ್ನು ಮಾತ್ರ ಬರೆಯುವ ಪ್ರಬಂಧವು ಎಷ್ಟು ಅಡಿಟಿಪ್ಪಣಿಗಳಿದ್ದರೂ ಅಪೂರ್ಣವೇ. ತನ್ನ ಪಕ್ಷಕ್ಕೆ ಅನುಕೂಲವಾದ ಆಕರಗಳನ್ನು ಮಾತ್ರ ಹೆಸರಿಸುವುದು ಸಾಕ್ಷಿಗಳಲ್ಲಿ ಒಬ್ಬನನ್ನು ಮನೆಯಲ್ಲಿ ಕೂಡಿಹಾಕಿ ನ್ಯಾಯಸ್ಥಾನಕ್ಕೆ ಹೋದಂತೆ.

ಇಷ್ಟರವರೆಗಿನ ಲಕ್ಷಣಗಳನ್ನು ವಿದ್ಯಾರ್ಥಿಯ ಕೈಗೆಟಕುವ ಒಂದು ವಿಷಯದಲ್ಲಿ ಪ್ರಯೋಗಿಸಿ ನೋಡಬಹುದು. ಬೆಂಗಳೂರಿನ ಉತ್ತರಕ್ಕೆ ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ, ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ, ಜಕ್ಕೂರು ಇದೆ. ಜಕ್ಕೂರಿನಿಂದ ಕಾಲೇಜಿಗೆ ಹೋಗುವ ಒಬ್ಬ ವಿದ್ಯಾರ್ಥಿಗೆ, ದಿನವೂ ಹಾದುಹೋಗುವ ಹೆಬ್ಬಾಳವೆಂಬ ಊರಿನ ಹೆಸರನ್ನು ಕುರಿತು ಪ್ರಬಂಧವನ್ನು ವಿಧಿಸಿದರೆ ಅವನು ಯಾವ ಆಕರಗಳನ್ನು ಹುಡುಕಬೇಕು?

ಮೊದಲು ಅವನು ನೋಡುವುದು ಬಿ. ಎಲ್. ರೈಸರು ಸಂಪಾದಿಸಿ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವನ್ನು. ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ಆದರೆ ಹೆಬ್ಬಾಳದ ಪ್ರಕರಣದಲ್ಲಿ ಮುಖ್ಯವಾದ ಶಾಸನವು ಅದರಲ್ಲಿಲ್ಲ, ಇರುವಂತೆಯೂ ಇಲ್ಲ. ಏಕೆಂದರೆ ಆ ಕಲ್ಲು ಹೆಬ್ಬಾಳದಲ್ಲಿ ನೆಲವನ್ನು ಅಗೆಯುವಾಗ ಹೊರಬಿದ್ದುದು 2018ರಲ್ಲಿ. ಆಕರದ ವರ್ಷವನ್ನು ಏಕೆ ಹೇಳಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಮಾಧಾನ ಬೇಡ. 1905ರ ಗ್ರಂಥವನ್ನೇ ಕೊನೆಯ ಮಾತೆಂದು ಹಿಡಿದವನು ಸುಳ್ಳನ್ನು ಬರೆದಂತಾಗುವುದಿಲ್ಲ. 1905ರವರೆಗೆ ನಿಜವಾದುದನ್ನು ಬರೆದಂತಾಗುವುದು. ವರ್ಷವನ್ನು ಹೇಳಿದ್ದರೆ ಓದುವವನು ಅದನ್ನು ತಾನೇ ತಿಳಿದುಕೊಳ್ಳುವನು.

ಆ ಕಲ್ಲು ಗಂಗರ ಶ್ರೀಪುರುಷನ ಆಳಿಕೆಯದು. ಕಾಲವನ್ನು ಸುಮಾರು 750 ಎಂದು ನಿರ್ಣಯಿಸಿದ್ದಾರೆ. ಪೆರ್ಬೊೞಲ್ನಾಡು ಮೂವತ್ತು ಎಂಬ ಸೀಮೆಗೆ ಸಂಬಂಧಿಸಿದ ಕಿತ್ತಯನೆಂಬ ವೀರನು ರಟ್ಟವಾಡಿಯವರ ಮೇಲಣ ಕಾಳಗದಲ್ಲಿ ಮಡಿದುದನ್ನು ಅದು ಹೇಳುತ್ತದೆ. ಬೆಂಗಳೂರಿನಲ್ಲಿ ದೊರೆತಿರುವ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಪ್ರಾಚೀನವೆಂದು ಗಣಿಸಲಾಗಿದೆ. ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳ ಗಣಕಪ್ರತಿಗಳಾಗಿ ಉಳಿಸುವ ಕೆಲಸವನ್ನು 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಕೈಗೊಂಡಿರುವುದರಿಂದ, ಕಲ್ಲಿನ ಅಕ್ಷರವನ್ನು ಸ್ವತಃ ನೋಡಿ ಬರೆಯುವ ಅನುಕೂಲವು ವಿದ್ಯಾರ್ಥಿಗೆ ಹಿಂದಿಗಿಂತ ಈಗ ಹೆಚ್ಚಾಗಿದೆ.

ಎರಡನೆಯ ಆಕರವು ವ್ಯಾಕರಣ. ಪಿರಿದು ಎಂಬುದರ ರೂಪವಾದ ಪೆರ್ ಎಂಬುದಕ್ಕೆ, ಪಟ್ಟಣವೆಂಬರ್ಥದ ಪೊೞಲ್ ಎಂಬುದು ಸೇರಿ ಸಮಾಸವಾದಾಗ ಉತ್ತರಪದದ ಪಕಾರಕ್ಕೆ ಬಕಾರವು ಆದೇಶವಾಗುವುದು; ಪೆರ್ಬೊೞಲ್ ಎಂದರೆ ದೊಡ್ಡ ಪಟ್ಟಣ. ಕಕಾರ ತಕಾರ ಪಕಾರಗಳಿಗೆ ಗಕಾರ ದಕಾರ ಬಕಾರಗಳು ಬರುವ ಈ ಆದೇಶವನ್ನು ಶಬ್ದಮಣಿದರ್ಪಣದ ಸಂಧಿಪ್ರಕರಣದಲ್ಲಿ ನೋಡಬಹುದು. ಹಳಗನ್ನಡದ ಪದಾದಿಯ ಪಕಾರವು ನಡುಗನ್ನಡದಲ್ಲಿ ಹಕಾರವಾಗುವುದು ಪ್ರಸಿದ್ಧವೇ. ಪೆರ್ಬುಲಿಯು ಹೆಬ್ಬುಲಿಯಾದಂತೆ, ಪೆರ್ಬಾವು ಹೆಬ್ಬಾವಾದಂತೆ, ಪೆರ್ಬಾಗಿಲ್ ಹೆಬ್ಬಾಗಿಲಾದಂತೆ, ಪೆರ್ಬೊೞಲ್ ಎಂಬುದರ ಆದಿಯು ‘ಹೆಬ್ಬ-’ ಆಗುವುದು ನ್ಯಾಯವಾಗಿದೆ. ೞಕಾರವು ಮುಂದೆ ಳಕಾರವಾಗುವುದಕ್ಕೂ ನಿದರ್ಶನಗಳಿಗೆ ಕೊರತೆಯಿಲ್ಲ.

ಈಗ ಈ ಎರಡು ಆಕರಗಳಿಂದ ವಿದ್ಯಾರ್ಥಿಯು ಸಾಮಾನ್ಯವಾಗಿ ಬರೆಯುವ ವಾಕ್ಯವು ಹೀಗಿರುವುದು: ‘ಹೆಬ್ಬಾಳವು ಎಂಟನೆಯ ಶತಮಾನದಲ್ಲಿಯೇ ಒಂದು ದೊಡ್ಡ ಪಟ್ಟಣವಾಗಿದ್ದಿತು.’ ಕೆಳಗೆ ಶಾಸನದ ಹೆಸರು, ವ್ಯಾಕರಣದ ಹೆಸರು, ಎರಡೂ ಕ್ರಮವಾಗಿ ಇರುವುವು. ಆಕರನಿರ್ದೇಶದಲ್ಲಿ ದೋಷವಿಲ್ಲ; ವಾಕ್ಯದಲ್ಲಿ ಮೂರು ದೋಷಗಳಿವೆ. ಶಾಸನವು ಹೇಳುವುದು ನಾಡಿನ ಹೆಸರನ್ನು. ಆ ನಾಡಿನ ಮುಖ್ಯಸ್ಥಳವು ಕಲ್ಲು ಸಿಕ್ಕಿದ ಊರೇ ಎಂಬುದು ಅನುಮಾನದಿಂದ ತಿಳಿಯತಕ್ಕುದು. ‘ಮೂವತ್ತು’ ಎಂಬುದನ್ನು ಗ್ರಾಮಗಳ ಸಂಖ್ಯೆಯೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಅದು ನಾಡಿನ ಅಳತೆಯಾಗಬಹುದಲ್ಲದೆ ಪಟ್ಟಣದ ಹಿರಿಮೆಗೆ ಸಾಕ್ಷಿಯಾಗಲಾರದು. ಮೂರನೆಯದಾಗಿ, ದೊಡ್ಡ ಪಟ್ಟಣವೆಂಬುದು ಹೆಸರಿನ ಅರ್ಥ. ಹೆಸರಿನ ಅರ್ಥದಿಂದ ಊರಿನ ಸ್ಥಿತಿಯನ್ನು ಸಾಧಿಸುವುದಾದರೆ ಸಿರಿವಂತಯ್ಯನೆಂಬ ಹೆಸರುಳ್ಳವರೆಲ್ಲರೂ ಧನಿಕರಾಗಬೇಕಾದೀತು. ಕಣ್ಣಿಗೆ ಕಂಡ ಅಕ್ಷರವು ಪ್ರತ್ಯಕ್ಷ. ಅದರಿಂದ ಊಹಿಸಿದುದು ಅನುಮಾನ. ಇನ್ನೊಬ್ಬ ವಿದ್ವಾಂಸನು ಹೇಳಿದ ಕಾಲನಿರ್ಣಯವು ಆಪ್ತವಾಕ್ಯವಾದ ಶಬ್ದ. ಈ ಮೂರು ಪ್ರಮಾಣಗಳನ್ನು ಒಂದೇ ವಾಕ್ಯದಲ್ಲಿ ಕಲಸಿದರೆ ಕೆಳಗಿನ ಅಡಿಟಿಪ್ಪಣಿಯು ಯಾವುದಕ್ಕೆ ಆಧಾರವೆಂಬುದೇ ತಿಳಿಯದು.

ಅದೇ ಸಂಗತಿಯನ್ನು ಹೀಗೆ ಬರೆಯಬಹುದು: ‘2018ರಲ್ಲಿ ಹೆಬ್ಬಾಳದಲ್ಲಿ ದೊರೆತ, ಲಿಪಿತಜ್ಞರು ಸುಮಾರು 750ರದೆಂದು ಹೇಳುವ ಶಾಸನದಲ್ಲಿ ಪೆರ್ಬೊೞಲ್ನಾಡಿನ ಹೆಸರಿದೆ. ಪೆರ್ಬುಲಿ, ಪೆರ್ಬಾವು ಮುಂತಾದ ಶಬ್ದಗಳು ಹೊಂದಿರುವ ಪರಿಣಾಮವನ್ನು ನೋಡಿದರೆ, ಹೆಬ್ಬಾಳವೆಂಬ ಹೆಸರು ಈ ಪೆರ್ಬೊೞಲ್ ಎಂಬುದರಿಂದ ಬಂದಿರಬಹುದೆಂದು ಊಹಿಸುವುದು ಯುಕ್ತ.’ ಮಾತು ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು, ಧೈರ್ಯವು ಕಡಿಮೆಯಾಯಿತು. ಕಲ್ಲು ಹೇಳಿದುದು, ತಜ್ಞರು ಹೇಳಿದುದು, ಬರೆಯುವವನು ಹೇಳುವುದು, ಮೂರೂ ಬೇರೆಬೇರೆಯಾಗಿ ಕಾಣುತ್ತವೆ. ಈ ವಾಕ್ಯವನ್ನು ಖಂಡಿಸಬೇಕೆನ್ನುವವನಿಗೆ ಎಲ್ಲಿ ಕೈಯಿಡಬೇಕೆಂಬುದು ಗೊತ್ತಾಗುವುದು. ಖಂಡನೆಗೆ ಎಡೆಗೊಡುವ ವಾಕ್ಯವೇ ಶಾಸ್ತ್ರವಾಕ್ಯ.

ಬೆಂಗಳೂರೆಂಬ ಹೆಸರಿನ ವಿಷಯದಲ್ಲಿ ಇದಕ್ಕೆ ವಿಪರ್ಯಯವಾದುದು ನಡೆದಿದೆ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂಬ ಐತಿಹ್ಯವನ್ನು ಒಂದು ಪುಸ್ತಕದಿಂದ ಇನ್ನೊಂದು, ಅದರಿಂದ ಮತ್ತೊಂದು ಎತ್ತಿಕೊಂಡು, ಕೊನೆಗೆ ಮೊದಲು ಬರೆದವರು ಯಾರೆಂದು ಕೇಳುವವರೇ ಇಲ್ಲವಾದರು. ಎರಡನೆಯ ವೀರಬಲ್ಲಾಳನು ಆಳಿದುದು 1173ರಿಂದ 1220ರವರೆಗೆ. ಬೇಗೂರಿನ ವೀರಗಲ್ಲೊಂದು ಬೆಂಗಳೂರ ಕಾಳಗವನ್ನು ಹೇಳುತ್ತದೆ. ಅದರ ಕಾಲವು ಸುಮಾರು 890. ಹೆಸರು ಹುಟ್ಟುವುದಕ್ಕೆ ಕಾರಣವೆಂದು ಹೇಳುವ ಘಟನೆಗಿಂತ ಹೆಸರೇ ಮುನ್ನೂರು ವರ್ಷಗಳಷ್ಟು ಹಳೆಯದಾಯಿತು. ಹತ್ತು ಪುಸ್ತಕಗಳಲ್ಲಿ ಇದೆಯೆಂಬುದರಿಂದ ಐತಿಹ್ಯಕ್ಕೆ ಹತ್ತು ಆಧಾರಗಳಾದಂತಲ್ಲ. ಒಬ್ಬನಿಂದ ಒಬ್ಬನು ಎತ್ತಿಕೊಂಡ ಹತ್ತು ಪುಸ್ತಕಗಳು ಸಾಕ್ಷ್ಯದ ದೃಷ್ಟಿಯಿಂದ ಒಂದೇ ಪುಸ್ತಕ. ಆದುದರಿಂದಲೇ, ಇನ್ನೊಬ್ಬರ ಗ್ರಂಥದಲ್ಲಿ ಉದ್ಧೃತವಾದ ಶಾಸನವನ್ನು ನೋಡಿ ಬರೆದವನು, ಶಾಸನವನ್ನೇ ನೋಡಿದೆನೆಂಬ ಭಾವನೆ ಹುಟ್ಟುವಂತೆ ಆಕರವನ್ನು ಕೊಡಬಾರದು. ಇಂಥವರ ಗ್ರಂಥದಲ್ಲಿ ಉದ್ಧೃತವಾದಂತೆ ಎಂದು ಬರೆಯಬೇಕು. ಐತಿಹ್ಯವನ್ನು ಪ್ರಬಂಧದಿಂದ ಹೊರಕ್ಕೆ ಹಾಕಬೇಕಾದುದೂ ಇಲ್ಲ. ಜನರು ಒಂದು ಹೆಸರನ್ನು ಹೇಗೆ ಅರ್ಥಮಾಡಿಕೊಂಡರೆಂಬುದಕ್ಕೆ ಅದೂ ಆಕರವೇ. ಹೆಸರು ಹೇಗೆ ಹುಟ್ಟಿತೆಂಬುದಕ್ಕೆ ಮಾತ್ರ ಅಲ್ಲ.

ಹೆಬ್ಬಾಳದ ಪ್ರಬಂಧದಲ್ಲಿ ಇನ್ನೊಂದು ಕೊಂಡಿಯು ಉಳಿದಿದೆ. ಪೆರ್ಬೊೞಲ್ ಎಂಬುದರ ಆದಿಭಾಗವು ಹೆಬ್ಬ- ಆಗುವುದಕ್ಕೆ ಸಜಾತೀಯ ಶಬ್ದಗಳ ಬೆಂಬಲವಿದೆ. ಆದರೆ -ಒೞಲ್ ಎಂಬ ಅಂತ್ಯಭಾಗವು -ಆಳ ಆಗುವುದನ್ನು ಹೆಬ್ಬುಲಿ ಹೆಬ್ಬಾವುಗಳು ಸಾಧಿಸಲಾರವು. ಅದಕ್ಕೆ ಬೇರೆ ಸಾಮಗ್ರಿ ಬೇಕು: ಪೊೞಲ್ ಶಬ್ದವು ಅಂತ್ಯದಲ್ಲಿರುವ ಬೇರೆ ಊರುಗಳ ಹೆಸರುಗಳು ಈಗ ಯಾವ ರೂಪದಲ್ಲಿವೆ, ಎಂಟನೆಯ ಶತಮಾನಕ್ಕೂ ಇಂದಿಗೂ ನಡುವಣ ಶಾಸನಗಳಲ್ಲಿ ಈ ಊರಿನ ಹೆಸರು ಯಾವ ಯಾವ ಕಾಗುಣಿತದಲ್ಲಿ ಬಂದಿದೆ ಎಂಬುದನ್ನು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳ ಸ್ಥಳನಾಮಸೂಚಿಗಳಿಂದ ಆರಿಸಿ ಕಾಲಾನುಕ್ರಮದಲ್ಲಿ ಜೋಡಿಸಬೇಕು. ಅಷ್ಟನ್ನು ಮಾಡುವವರೆಗೆ ವಿದ್ಯಾರ್ಥಿಯು ತನ್ನ ಪ್ರಬಂಧದಲ್ಲಿ ‘ಬಂದಿರಬಹುದು’ ಎಂಬುದನ್ನು ‘ಬಂದಿದೆ’ ಎಂದು ತಿದ್ದತಕ್ಕುದಲ್ಲ. ಅಧ್ಯಾಪಕರೂ ಅವನ ಆ ‘ಬಹುದು’ ಎಂಬುದನ್ನು ಕೆಂಪು ಮಸಿಯಿಂದ ಹೊಡೆದುಹಾಕತಕ್ಕುದಲ್ಲ.